ಹದಿನಾಲ್ಕು ಇಂಚಿನ ತೂತು

ಸೋರುವ ಕ್ಯಾಂಪರ್ ಇಟ್ಟುಕೊಂಡವರನ್ನು ಗುರುತು ಹಿಡಿಯುವುದು ಏನೂ ಕಷ್ಟವಲ್ಲ ಕಣ್ರೀ. ಮೋಡ ಕವಿದ ಕೂಡಲೇ ಉಳಿದವರೆಲ್ಲ ಕೊಡೆ ಹುಡುಕಿದರೆ, ಇವರು ಗಾಡಿಯ ಬಾಗಿಲು ತೆಗೆದು ಒಳಗೆ ಹೋಗಿ ತಲೆ ಮೇಲೆತ್ತಿ ನಿಂತುಬಿಡುತ್ತಾರೆ. ಕೈಯಲ್ಲೊಂದು ಟಾರ್ಚು, ಕಾಲ ಬಳಿ ಒಂದು ಪಾತ್ರೆ. ಬಕೆಟ್ ಇಡೋಣ ಅಂದರೆ ಆ ಡಬ್ಬಿಯೊಳಗೆ ಜಾಗವೆಲ್ಲಿ? ಮಂಚಕ್ಕೂ ಒಲೆಗೂ ನಡುವೆ ಇರುವುದೇ ಒಂದು ಗೇಣು. ಹಾಗಾಗಿ ನಮ್ಮನೆಯಲ್ಲಿ ಈ ಚಾಕರಿ ಸಾರಿನ ಪಾತ್ರೆಗೆ ಬಿದ್ದಿತ್ತು. ಊರಿಂದ ಸೂಟ್‌ಕೇಸಿನಲ್ಲಿ ಜೋಪಾನವಾಗಿ ತಂದ ದಪ್ಪ ತಳದ ಪಾತ್ರೆ ಅದು. ಒರೆಗಾನ್ ರಾಜ್ಯದ ಮಳೆನೀರು ಹಿಡಿಯುವುದಕ್ಕೆ ಬಂತು ನೋಡಿ.

ನಮ್ಮ ಈ ಪೋರ್ಟ್‌ಲ್ಯಾಂಡ್ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಲೆಕ್ಕ ಹಿಡಿದರೆ ಇದೇನು ಮಹಾ ಮಳೆಯಲ್ಲ, ವರ್ಷಕ್ಕೆ 900 ಮಿಲಿಮೀಟರಿನ ಆಸುಪಾಸು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ; ಪಕ್ಕದ ಆಗುಂಬೆಯಲ್ಲಿ 7000 ಮಿಲಿಮೀಟರ್ ದಾಟುವುದು ಸರ್ವೇಸಾಮಾನ್ಯ. ನಮ್ಮತ್ತೆ ಮೊದಲ ಸಲ ಇಲ್ಲಿಗೆ ಬಂದಾಗ ನವೆಂಬರ್ ತಿಂಗಳು. ಕಿಟಕಿ ಹತ್ತಿರ ನಿಂತು, "ಇದೂ ಒಂದು ಮಳೆಯಾ? ಮಗುವಿಗೆ ಪನ್ನೀರು ಚಿಮುಕಿಸಿದ ಹಾಗಿದೆ" ಅಂತ ನಕ್ಕಿದ್ದರು. ಒಂದು ವಾರ ಕಳೆಯಿತು. ಅದೇ ಕಿಟಕಿ, ಅದೇ ಅತ್ತೆ. "ಅಲ್ಲ ಕಣೇ, ಇದಕ್ಕೆ ನಿಲ್ಲುವ ಅಭ್ಯಾಸವೇ ಇಲ್ಲವಾ?" ಆರಿದ್ರಾ ಮಳೆ ಆರದೇ ಹೊಯ್ಯುತ್ತೆ ಅಂತಾರಲ್ಲ, ಅದಾದರೂ ಎರಡು ವಾರದ ಮಾತು. ಇಲ್ಲಿಯದು ಅಕ್ಟೋಬರಿಗೆ ಶುರುವಾದರೆ ಮೇ ತಿಂಗಳವರೆಗೂ ಎಳೆಯುತ್ತೆ.

ಕ್ಯಾಂಪರಿನ ಚಾವಣಿಗೆ ಜಡಿಮಳೆಗಿಂತ ಈ ಸೋನೆಯೇ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಜೋರು ಮಳೆ ಬಂದರೆ ನೀರು ದಡಬಡ ಹರಿದು ಹೋಗುತ್ತೆ. ಜಿಟಿಜಿಟಿ ಹಿಡಿಯಿತೆಂದರೆ, ಆ ಸಮತಟ್ಟು ಚಾವಣಿಯ ಮೇಲೆ ನೀರು ಬಿಡಾರ ಹೂಡಿ, ಎಲ್ಲಿ ಒಂದು ಕೂದಲೆಳೆ ಬಿರುಕಿದೆ ಅಂತ ನಿಧಾನವಾಗಿ ಹುಡುಕಿಕೊಂಡು ಒಳಗಿಳಿಯುತ್ತೆ. ಅದಕ್ಕೇನು ಅವಸರ? ಮೇ ತಿಂಗಳವರೆಗೂ ಸಮಯವಿದೆಯಲ್ಲ.

ಅಲ್ಲಾ, ಒಂದು ಡಬ್ಬಿಯ ತಲೆ ಮೇಲೆ ಎಷ್ಟು ತೂತು ಕೊರೆದಿರ್ತಾರೆ ಅಂತ ಯಾವತ್ತಾದರೂ ಎಣಿಸಿದ್ದೀರಾ? ಬಚ್ಚಲಿಗೊಂದು ವೆಂಟು, ಅಡುಗೆಗೊಂದು ಫ್ಯಾನಿನ ವೆಂಟು, ಸ್ನಾನ ಮಾಡುವಾಗ ತಲೆ ತಾಗದಿರಲಿ ಅಂತ ಒಂದು ಸ್ಕೈಲೈಟು, ಏಸಿಗೊಂದು, ಫ್ರಿಜ್ಜಿನ ಬಿಸಿಗಾಳಿಗೊಂದು, ಚರಂಡಿ ಕೊಳವೆಯ ಉಸಿರಿಗೆ ಒಂದೆರಡು, ಆಂಟೆನಾಗೊಂದು. ನೀರು ಬರದಿರಲಿ ಅಂತ ಚಾವಣಿ ಹೊದಿಸಿ, ಆಮೇಲೆ ಅದನ್ನು ಜರಡಿ ಮಾಡುವುದು! ಇದರಲ್ಲಿ ವೆಂಟು ಮತ್ತು ಏಸಿಯ ತೂತಿಗೆ ಮಾತ್ರ ಇಡೀ ಅಮೆರಿಕದಲ್ಲಿ ಒಂದೇ ಅಳತೆ. ಹದಿನಾಲ್ಕು ಇಂಚು ಉದ್ದ, ಹದಿನಾಲ್ಕು ಇಂಚು ಅಗಲ. ಅಬ್ಬಾ, ಒಂದಾದರೂ ಒಗ್ಗಟ್ಟಿದೆಯಲ್ಲ ಅಂತ ಖುಷಿಪಡಬೇಡಿ. ತೂತು ಒಂದೇ ಅಳತೆಯಾದರೂ ಅದರ ಮುಚ್ಚಳದ ಕೀಲು ಕಂಪನಿಗೊಂದು ಥರ. ಎಲಿಕ್ಸಿರ್ ಅಂತೆ, ಜೆನ್‌ಸೆನ್ ಅಂತೆ, ವೆಂಟ್‌ಲೈನ್ ಅಂತೆ. ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಯಲ್ಲಿ ಗೋಡೆ ತುಂಬ ನೇತುಹಾಕಿದ ಬಿಳಿ ಮುಚ್ಚಳಗಳ ಮುಂದೆ ಜನ ಫೋನಿನಲ್ಲಿ ತಮ್ಮ ವೆಂಟಿನ ಫೋಟೋ ಹಿಡಿದುಕೊಂಡು ಹೋಲಿಸಿ ನೋಡ್ತಾ ಇರ್ತಾರೆ. ಹೆಣ್ಣು ತೋರಿಸುವ ಕಾಲದಲ್ಲೂ ಫೋಟೋವನ್ನು ಇಷ್ಟು ಹೊತ್ತು ನೋಡ್ತಿರಲಿಲ್ಲ, ಅಲ್ವಾ?

ನಮ್ಮ ಗಾಡಿ ಇಂಡಿಯಾನಾದ ಎಲ್ಕ್‌ಹಾರ್ಟ್ ಕಡೆಯಿಂದ ಬಂದದ್ದು. ಅದರಲ್ಲಿ ವಿಶೇಷವೇನೂ ಇಲ್ಲ, ಈ ದೇಶದ ಬಹುಪಾಲು ಕ್ಯಾಂಪರುಗಳ ತವರುಮನೆ ಅದೇ. ವಿಶೇಷ ಇರುವುದು ಬೇರೆ ಕಡೆ. ಅಲ್ಲಿಯ ಕಾರ್ಖಾನೆಗಳಲ್ಲಿ ಆಮಿಶ್ ಸಮುದಾಯದವರು ಬಹಳ ಮಂದಿ ದುಡಿಯುತ್ತಾರೆ. ಮರಗೆಲಸದಲ್ಲಿ ಪಳಗಿದ ಕೈಗಳು. ಮನೆಗೆ ಹೋಗುವಾಗ ಕುದುರೆಗಾಡಿ, ಇಲ್ಲವೇ ಸೈಕಲ್ಲು, ಇಲ್ಲವೇ ಬೇರೆಯವರು ಓಡಿಸುವ ವ್ಯಾನು; ತಮ್ಮದು ಅಂತ ಕಾರು ಇಟ್ಟುಕೊಳ್ಳುವ ಹಾಗಿಲ್ಲ. ಅಂಥವರು ಬೆಳಗಿನಿಂದ ಮಧ್ಯಾಹ್ನದವರೆಗೆ ಟೀವಿ, ಮೈಕ್ರೋವೇವ್, ಎರಡೆರಡು ಏಸಿ ಇರುವ ಮೋಟಾರು ಮನೆಗಳನ್ನು ಕಟ್ಟಿ ಕಳಿಸುತ್ತಾರೆ. ನಾನು ಮಲಗಿಕೊಂಡು ಸೋರುವ ವೆಂಟ್ ನೋಡುವಾಗಲೆಲ್ಲ ಇದೇ ಯೋಚನೆ. ಇದಕ್ಕೆ ಸ್ಕ್ರೂ ತಿರುಗಿಸಿದ ಮಹಾರಾಯ ಸಂಜೆ ಮನೆಗೆ ಹೋಗಿ ಕುದುರೆಗೆ ಹುಲ್ಲು ಹಾಕಿದನೇನೋ. ಅವನ ಕೆಲಸದಲ್ಲಿ ಲೋಪವಿಲ್ಲ ಅನ್ನಿ. ಲೋಪ ಆಮೇಲೆ ಬಂದದ್ದು.

ಹೂಂ, ಸೋರುವ ವಿಷಯ. ತೊಟ್ಟಿಕ್ಕುವುದು ವೆಂಟಿನಿಂದ, ಹಾಗಾಗಿ ಸೋರುತ್ತಿರುವುದೂ ವೆಂಟೇ ಅಂತ ಎಲ್ಲರೂ ತೀರ್ಮಾನ ಮಾಡಿಬಿಡ್ತಾರೆ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಆ ಭ್ರಮೆ ಇರುವುದಿಲ್ಲ. ನಮ್ಮೂರ ಮನೆಯದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿದರಲ್ಲ, ಆ ಜಾತಿಯದು. ಮೇ ತಿಂಗಳ ಕೊನೆಯಲ್ಲಿ, ಮಿರ್ಗದ ಮಳೆ ಹಿಡಿಯುವ ಮೊದಲು ಅಪ್ಪಯ್ಯ ಹೆಂಚು ಕೈಯಾಡಿಸುತ್ತಿದ್ದರು. ಮಂಗಗಳ ಕಾಟ ಬೇರೆ. ಒಂದು ಮಂಗ ಓಡಿತೆಂದರೆ ನಾಲ್ಕು ಹೆಂಚು ಜರುಗಿತು ಅಂತಲೇ ಲೆಕ್ಕ. ಮನೆಯಲ್ಲಿ ಎಲ್ಲರಿಗಿಂತ ಹಗುರ ಇದ್ದದ್ದು ನಾನು. ಅದಕ್ಕೆ ನನ್ನನ್ನು ಅಟ್ಟ ಹತ್ತಿಸುತ್ತಿದ್ದರು. ಕತ್ತಲಲ್ಲಿ ಅಡಕೆ ಮೂಟೆಗಳ ನಡುವೆ ಕೂತು, ಎಲ್ಲಿ ಬೆಳಕಿನ ಚುಕ್ಕಿ ಕಾಣುತ್ತೋ ಆ ರೀಪಿನ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆಯಬೇಕು. ಕೆಳಗೆ ದೇವರ ಕೋಣೆಯಲ್ಲಿ ತೊಟ್ಟಿಕ್ಕಿದರೆ ಜರುಗಿದ ಹೆಂಚು ಇರುತ್ತಿದ್ದದ್ದು ಅಡುಗೆಮನೆ ಮೇಲೆ. ನೀರು ಪಕಾಸಿ ಹಿಡಿದುಕೊಂಡು ಸವಾರಿ ಮಾಡಿ, ತನಗೆ ಬೇಕಾದ ಕಡೆ ಇಳಿಯುತ್ತಿತ್ತು. ಅಮ್ಮ ಬೈಯುತ್ತಿದ್ದದ್ದು ಮಾತ್ರ ತಲೆ ಮೇಲಿನ ಹೆಂಚಿಗೆ!

ಕ್ಯಾಂಪರಿನಲ್ಲೂ ಇದೇ ಕತೆ. ಮೇಲೆ ರಬ್ಬರಿನ ಹೊದಿಕೆ, ಅದರ ಕೆಳಗೆ ತೆಳ್ಳನೆಯ ಪ್ಲೈವುಡ್ಡು, ಅದರಡಿ ಮರದ ಅಥವಾ ಅಲ್ಯೂಮಿನಿಯಮ್ಮಿನ ಪಟ್ಟಿ, ನಡುವೆ ಥರ್ಮೋಕೋಲು. ಒಳಗೆ ಇಳಿದ ನೀರಿಗೆ ಓಡಾಡುವುದಕ್ಕೆ ಬೇಕಾದಷ್ಟು ಓಣಿಗಳು. ಅಲ್ಲೆಲ್ಲ ತಿರುಗಾಡಿ ಕೊನೆಗೆ ಹೊರಬರಲು ಸಿಗುವ ದಾರಿ ಇದೇ ಹದಿನಾಲ್ಕು ಇಂಚಿನ ತೂತು. ಹಾಗಾಗಿ ಏಸಿಯಿಂದ ಇಳಿದ ನೀರಿಗೂ ವೆಂಟೇ ಬೈಗುಳ ತಿನ್ನಬೇಕು. ಏಸಿಯ ಕತೆ ಇನ್ನೂ ಮಜಾ. ಅದಕ್ಕೆ ಸುತ್ತ ಅಂಟು ಹಚ್ಚುವುದೇ ಇಲ್ಲ. ಅಡಿಯಲ್ಲಿ ಒಂದು ಸ್ಪಂಜಿನ ಗ್ಯಾಸ್ಕೆಟ್ಟು, ಅದನ್ನು ಅದುಮಿ ಹಿಡಿಯಲು ಒಳಗಿನಿಂದ ನಾಲ್ಕು ಬೋಲ್ಟು. ರಸ್ತೆಯ ಕುಲುಕಾಟಕ್ಕೆ ಬೋಲ್ಟು ಸಡಿಲವಾದರೆ ಒಳಗಿನಿಂದಲೇ ಅರ್ಧ ಸುತ್ತು ಬಿಗಿ ಮಾಡಿದರೆ ಆಯಿತು. ಎಷ್ಟೋ ಜನ ಇದು ತಿಳಿಯದೆ ಏಸಿ ಸುತ್ತ ಮೆತ್ತಿದ ಅಂಟಿನಲ್ಲಿ ಒಂದು ಮನೆ ಕಟ್ಟಬಹುದಿತ್ತು.

ಇನ್ನೊಂದಿದೆ, ಸೋರದೆಯೂ ತೊಟ್ಟಿಕ್ಕುವುದು. ಫೋರ್ಟ್ ಸ್ಟೀವನ್ಸ್‌ನಲ್ಲಿ ಬಿಡಾರ ಹಾಕಿದ್ದೆವು. ಕೊಲಂಬಿಯಾ ನದಿ ಸಮುದ್ರ ಸೇರುವ ಜಾಗ. ಅಲ್ಲಿ 1906ರಲ್ಲಿ ಮರಳಿಗೆ ಸಿಕ್ಕಿಕೊಂಡ 'ಪೀಟರ್ ಐರ್‌ಡೇಲ್' ಅನ್ನುವ ಹಡಗಿನ ಕಬ್ಬಿಣದ ಪಕ್ಕೆಲುಬು ಈಗಲೂ ದಡದಲ್ಲಿ ನಿಂತಿದೆ. ಮಕ್ಕಳು ಅದರ ಸುತ್ತ ಓಡಾಡಿ ಹಸಿದು ಬಂದರು. ಹೊರಗೆ ಚಳಿ. ಕುಕ್ಕರ್ ಇಟ್ಟೆ. ಅನ್ನಕ್ಕೆ ಮೂರು ಕೂಗು, ಪಕ್ಕದಲ್ಲಿ ಸಾರು ಕುದಿಯುತ್ತಿದೆ, ಒಗ್ಗರಣೆಗೆ ಒಣಮೆಣಸು ಬಿದ್ದದ್ದೇ ತಡ ಹೊಗೆಯ ಅಲಾರಂ ಬೊಬ್ಬೆ ಹೊಡೆಯಿತು. ಅದರ ಬಾಯಿ ಮುಚ್ಚಿಸುವುದರಲ್ಲಿ ವೆಂಟ್ ತೆಗೆಯುವುದು ಮರೆತೇ ಹೋಯಿತು. ಊಟ ಮುಗಿಸಿ ಮಲಗಿದ್ದೇವೆ, ಹೊರಗೆ ನಕ್ಷತ್ರ ಕಾಣುವಷ್ಟು ಶುಭ್ರ ಆಕಾಶ. ಒಳಗೆ ಟಪ್... ಟಪ್... ನಮ್ಮನೆಯವರ ಹಣೆಯ ಮೇಲೆ ಅಭಿಷೇಕ. ಮೂಗಿನ ಹತ್ತಿರ ಬಂದ ಹನಿಯನ್ನು ಮೂಸಿ ನೋಡಿ, "ಸಾರಿನ ಪರಿಮಳ ಇದೆ ಮಾರಾಯ್ತಿ" ಅಂದರು. ಇದ್ದೇ ಇರುತ್ತೆ! ತಣ್ಣಗಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಅಡುಗೆಯ ಹಬೆಯೂ ಮಲಗಿದವರ ಉಸಿರೂ ತಾಗಿ ನೀರಾಗಿ ಇಳಿಯುತ್ತೆ. ಹೊರಗೆ ಮಳೆಯಿಲ್ಲದಾಗ ತೊಟ್ಟಿಕ್ಕಿದರೆ ಏಣಿ ಹುಡುಕಬೇಡಿ, ಮುಚ್ಚಳ ಒಂದಿಂಚು ಎತ್ತಿ ಫ್ಯಾನ್ ಹಾಕಿ, ಅಷ್ಟೇ ಸಾಕು.

ಫ್ಯಾನ್ ಅಂದ ಕೂಡಲೇ ನಮ್ಮ ಬೇಲಿಯಾಚೆಯ ಮನೆಯ ನಿವೃತ್ತ ಬಡಗಿ ಯಜಮಾನರು ನೆನಪಾಗ್ತಾರೆ. ಅವರ ಗಾಡಿಯಲ್ಲಿರುವುದು ಬುದ್ಧಿವಂತ ಫ್ಯಾನು. ಮೇಲೆ ಬೆರಳಗಲದ ಒಂದು ಪಟ್ಟಿ, ಅದರ ಮೇಲೆ ಹನಿ ಬಿದ್ದರೆ ಮುಚ್ಚಳ ತಾನಾಗಿಯೇ ಮುಚ್ಚಿಕೊಳ್ಳುತ್ತೆ. ಮಳೆ ಬಂದರೆ ಸರಿ. ಬೆಳಗಿನ ಇಬ್ಬನಿಗೂ ಅದು ಬಾಗಿಲು ಹಾಕಿಕೊಳ್ಳುತ್ತೆ! ಯಜಮಾನರು ಬನಿಯನ್ನಿನಲ್ಲೇ ಏಣಿ ಹತ್ತಿ ಆ ಪಟ್ಟಿಯನ್ನು ಕರವಸ್ತ್ರದಿಂದ ಒರೆಸುವುದನ್ನು ನೀವೂ ನೋಡಿರ್ತೀರಿ. "ಇಷ್ಟು ಬುದ್ಧಿ ಯಾಕಾದರೂ ಬೇಕಿತ್ತೋ ಇದಕ್ಕೆ" ಅಂತ ಅವರ ಗೊಣಗಾಟ.

ನಿಜವಾದ ಸೋರಿಕೆ ಪತ್ತೆ ಮಾಡಿಕೊಟ್ಟದ್ದೂ ಅವರೇ. ಒಣ ಹವೆಯ ದಿನ ನೋಡಿ, ನೀರಿನ ಪೈಪು ಹಿಡಿದು ಮೇಲೆ ಒಬ್ಬರು, ಟಾರ್ಚು ಹಿಡಿದು ಒಳಗೆ ಒಬ್ಬರು. ಒಳಗಿನ ಪ್ಲಾಸ್ಟಿಕ್ ಚೌಕಟ್ಟು ಮೊದಲೇ ಬಿಚ್ಚಿಟ್ಟಿರಬೇಕು, ಇಲ್ಲದಿದ್ದರೆ ಮರ ಕಾಣುವುದಿಲ್ಲ. ನೀರು ಬಿಡುವುದು ತಗ್ಗಿನ ಕಡೆಯಿಂದ. ಅಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಒಳಗಿನವರು "ಏನಿಲ್ಲ" ಅಂದಮೇಲೆ ಒಂದು ಗೇಣು ಮೇಲಕ್ಕೆ. ಒಟ್ಟಿಗೆ ಎಲ್ಲ ಕಡೆ ಸುರಿದುಬಿಟ್ಟರೆ ಯಾವ ನೀರು ಎಲ್ಲಿಂದ ಬಂತು ಅಂತ ಬ್ರಹ್ಮನಿಗೂ ತಿಳಿಯದು. ನಮ್ಮದರಲ್ಲಿ ಮುಂಭಾಗದ ಎಡ ಮೂಲೆಗೆ ಬಂದಾಗ ಮರದ ಚೌಕಟ್ಟು ಮೆಲ್ಲಗೆ ಕಪ್ಪಾಯಿತು. ಆಮೇಲೆ ಒಂದು ಸ್ಕ್ರೂವಿನ ಮೊನೆಯಲ್ಲಿ ಹನಿ ಮೂಡಿತು. ಅಲ್ಲಿಯೇ ತೂಗಾಡಿತು. ಬೀಳಲಿಲ್ಲ. ಮೊನೆಯಿಂದ ಮರಕ್ಕೆ ಸರಿದು, ಅಂಚು ಹಿಡಿದು, ಇಡೀ ಚೌಕಟ್ಟನ್ನು ಪ್ರದಕ್ಷಿಣೆ ಹಾಕಿ ಬಲಗಡೆಯ ಹಿಂದಿನ ಮೂಲೆಯಿಂದ ಟಪ್ ಅಂತ ಬಿತ್ತು. ಅಷ್ಟು ದಿನ ಸಾರಿನ ಪಾತ್ರೆ ಇಟ್ಟಿದ್ದದ್ದು ಅದೇ ಮೂಲೆಯ ಕೆಳಗೆ.

ಮೇಲೆ ಹತ್ತುವ ಪಾಳಿ ನನ್ನದೇ. ನಮ್ಮನೆಯವರಿಗೆ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತುತ್ತೆ. ಜೊತೆಗೆ ಆ ಚಾವಣಿಯೂ ಭಾರ ತಾಳುವಂಥದ್ದಲ್ಲ. ಒಂದು ಪ್ಲೈವುಡ್ ಹಲಗೆ ಹಾಸಿಕೊಂಡು ಮಂಡಿಯೂರಿ ಅಂಬೆಗಾಲಲ್ಲಿ ಹೋಗಬೇಕು. ಅಲ್ಲಿ ಕಂಡ ದೃಶ್ಯ ಮಾತ್ರ... ಏನು ಹೇಳಲಿ. ಗಾಡಿಯ ಹಿಂದಿನ ಮಾಲೀಕ ಮಹಾಶಯ ವೆಂಟಿನ ಸುತ್ತ ಸಿಲಿಕೋನ್ ಮೆತ್ತಿದ್ದ. ಅದು ಸೋರಿದಾಗ ಅದರ ಮೇಲೆ ಇನ್ನೊಂದು ಸಿಲಿಕೋನ್. ಅದರ ಮೇಲೆ ಮತ್ತೊಂದು. ಒಂದು ಪದರ ಬಿಳಿ, ಒಂದು ಪಾರದರ್ಶಕ, ಒಂದು ಕಂದು. ಕಂದು ಯಾಕೆ ಅಂತ ನನ್ನನ್ನು ಕೇಳಬೇಡಿ, ಅವತ್ತು ಮನೆಯಲ್ಲಿ ಸಿಕ್ಕಿದ್ದು ಅದೇ ಇರಬೇಕು. ಬೆರಳಿಂದ ತೀಡಿದ ಗುರುತು ಕೂಡ ಹಾಗೇ ಉಳಿದಿತ್ತು. ಒಂದು ಕಡೆ ಸೊಳ್ಳೆಯೊಂದು ಪದರದೊಳಗೆ ಅಜರಾಮರವಾಗಿ ಸಿಕ್ಕಿಕೊಂಡಿತ್ತು.

ಈ ಸಿಲಿಕೋನ್ ಇದೆಯಲ್ಲ, ಬಚ್ಚಲುಮನೆಯ ಟೈಲಿಗೆ ಅದು ದೇವರು. ಕ್ಯಾಂಪರಿನ ರಬ್ಬರು ಚಾವಣಿಗೆ ಶನಿ. ರಬ್ಬರಿಗೆ ಅದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಬಿಸಿಲಿಗೆ ಅಂಚಿನಲ್ಲಿ ಏಳುತ್ತೆ. ಸರಿ, ಎದ್ದರೆ ಕಿತ್ತು ಬೇರೆ ಹಚ್ಚೋಣ ಅಂದರೆ, ಅದು ಕೂತ ಜಾಗದಲ್ಲಿ ಎಣ್ಣೆಯಂಥ ಒಂದು ತೆಳು ಪೊರೆ ಉಳಿಸಿ ಹೋಗುತ್ತೆ. ಅದರ ಮೇಲೆ ಬೇರೆ ಅಂಟೂ ಹಿಡಿಯದು, ಕೊನೆಗೆ ಹೊಸ ಸಿಲಿಕೋನೇ ಹಳೆ ಸಿಲಿಕೋನಿಗೆ ಹಿಡಿಯದು. ತಾನೂ ಬಾಳುವುದಿಲ್ಲ, ಇನ್ನೊಬ್ಬರನ್ನೂ ಬಾಳಗೊಡುವುದಿಲ್ಲ. ಇಂಥವರು ಊರಿಗೊಬ್ಬರು ಇರ್ತಾರೆ, ಅಲ್ವಾ?

ಅದನ್ನು ಹೆರೆದು ತೆಗೆಯುವುದೇ ಅರ್ಧ ಕೆಲಸ. ಕಬ್ಬಿಣದ ಚಾಕು ಕೂಡದು, ರಬ್ಬರು ಹರಿದರೆ ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ಮಾಡಿದ ಹಾಗೆ. ಪ್ಲಾಸ್ಟಿಕ್ಕಿನ ಪಟ್ಟಿ ಹಿಡಿದು, ಮಗಳ ಹೇರ್ ಡ್ರೈಯರಿನಿಂದ ಬಿಸಿ ಮಾಡಿಕೊಂಡು, ಅಂಗುಲ ಅಂಗುಲ ಕಿತ್ತದ್ದಾಯಿತು. ಉಳಿದ ಜಿಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ತಿಕ್ಕಬೇಕು. ಪೆಟ್ರೋಲ್ ಜಾತಿಯ ದ್ರಾವಣ ತಾಗಿಸಿದರೆ ಇಪಿಡಿಎಂ ಅನ್ನುವ ಈ ಚಾವಣಿ ರಬ್ಬರು ಊದಿಕೊಂಡು ಗುಳ್ಳೆ ಏಳುತ್ತೆ. ಇನ್ನು ಆ ರಬ್ಬರು ಹಳತಾದರೆ ಕೈಗೆ ಬಿಳಿ ಪುಡಿ ಹತ್ತುತ್ತಲ್ಲ, ಮಳೆ ಬಂದಾಗ ಗಾಡಿಯ ಮೈಮೇಲೆ ವಿಭೂತಿ ಪಟ್ಟೆ ಎಳೆಯುವುದೂ ಅದೇ ಪುಡಿ. ತೊಳೆದರೆ ಹೋಗುತ್ತೆ, ಗಾಬರಿಯಾಗುವಂಥದ್ದೇನೂ ಅಲ್ಲ.

ಆಮೇಲೆ ಸ್ಕ್ರೂಗಳು. ಸುತ್ತ ಹದಿನಾರೋ ಇಪ್ಪತ್ತೋ ಇರ್ತವೆ, ತಲೆಯಲ್ಲಿ ಚೌಕ ಗುಂಡಿ. ಮನೆಯಲ್ಲಿರುವ ಪ್ಲಸ್ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದವರು ಮೇಲೆ ಹತ್ತಿ, ಮತ್ತೆ ಇಳಿದು, ಅಂಗಡಿಗೆ ಹೋಗಬೇಕು. ಈ ಚೌಕ ಗುಂಡಿಯ ಹಿಂದೆ ಒಬ್ಬ ಹಟವಾದಿ ಇದ್ದಾನೆ. ಕೆನಡಾದ ಪೀಟರ್ ರಾಬರ್ಟ್‌ಸನ್. ಊರೂರು ಅಲೆದು ಉಪಕರಣ ಮಾರುತ್ತಿದ್ದವನು. ಗಿರಾಕಿಗಳ ಮುಂದೆ ಗೀರು ತಲೆಯ ಸ್ಕ್ರೂ ತಿರುಗಿಸಿ ತೋರಿಸುವಾಗ ಸ್ಕ್ರೂಡ್ರೈವರ್ ಜಾರಿ ಕೈ ಕೊಯ್ದುಕೊಂಡನಂತೆ. 1908ರಲ್ಲಿ ಜಾರದ ಚೌಕ ಗುಂಡಿ ಮಾಡಿಯೇ ಬಿಟ್ಟ, ಮರುವರ್ಷ ಪೇಟೆಂಟೂ ಸಿಕ್ಕಿತು. ಕೆನಡಾದ ಫೋರ್ಡ್ ಕಾರ್ಖಾನೆಗೆ ಇದು ಭಾರಿ ಹಿಡಿಸಿತು. ಹೆನ್ರಿ ಫೋರ್ಡ್ ಅದರ ಹಕ್ಕು ಕೇಳಿದರೆ ಈ ಪುಣ್ಯಾತ್ಮ ಕೊಡಲೇ ಇಲ್ಲ. ಹಾಗಾಗಿ ಅಮೆರಿಕದ ಕಾರುಗಳಿಗೆ ಆಮೇಲೆ ಬಂದ ಫಿಲಿಪ್ಸ್‌ನ ಪ್ಲಸ್ ಗುರುತು ಹತ್ತಿತು, ಕೆನಡಾದವರು ಚೌಕಕ್ಕೇ ಅಂಟಿಕೊಂಡರು. ಕ್ಯಾಂಪರ್ ಕಟ್ಟುವವರು ಮಾತ್ರ ಈಕಡೆ ಇದ್ದುಕೊಂಡೂ ಚೌಕವನ್ನೇ ಬಳಸುತ್ತಾರೆ. ಮಿಷಿನ್ನಿಗೆ ಜಾರುವುದಿಲ್ಲ, ಒಂದೇ ಕೈಯಲ್ಲಿ ಕೆಲಸ ಸಾಗುತ್ತೆ. ಎರಡನೇ ನಂಬರಿನ ಚೌಕ ಮೊನೆಯ ಸ್ಕ್ರೂಡ್ರೈವರ್ ಒಂದನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ ಅಂತ ಹೇಳಲು ಹೋಗಿ ಎಲ್ಲಿಗೋ ಹೋದೆ ನೋಡಿ.

ಆ ಎಡ ಮೂಲೆಯ ಸ್ಕ್ರೂ ತಿರುಗಿಸಿದರೆ ಸುಮ್ಮನೆ ಗಿರಗಿರ ತಿರುಗಿತು. ಮರ ಮೆತ್ತಗಾಗಿದ್ದರೆ ಹಾಗೆಯೇ. ಪುಣ್ಯಕ್ಕೆ ಕೊಳೆತಿರಲಿಲ್ಲ. ಯಜಮಾನರು ತೇವ ಅಳೆಯುವ ಎರಡು ಮೊನೆಯ ಸಾಧನ ತಂದು ಚುಚ್ಚಿ ನೋಡಿ, ಶೇಕಡ 20ರ ಮೇಲೆ ತೋರಿಸುತ್ತಿದೆ, ಒಣಗದ ಹೊರತು ಮುಚ್ಚುವ ಹಾಗಿಲ್ಲ ಅಂತ ಅಪ್ಪಣೆ ಕೊಡಿಸಿದರು. ಒಂದು ವಾರ ಅದನ್ನು ಹಾಗೇ ಬಿಟ್ಟು, ಒಳಗೆ ಫ್ಯಾನ್ ಹಾಕಿಟ್ಟೆವು. ಆಮೇಲೆ ಆ ಸಡಿಲ ತೂತುಗಳಿಗೆ ಏನು ತುಂಬಿದೆ ಗೊತ್ತಾ? ಊದುಬತ್ತಿ ಕಡ್ಡಿ! ದಿನಾ ಪೂಜೆ ಮುಗಿದ ಮೇಲೆ ಉಳಿಯುವ ಬಿದಿರು ಕಡ್ಡಿಗಳನ್ನು ಎಸೆಯುವುದು ನನ್ನ ಜಾಯಮಾನಕ್ಕೆ ಒಗ್ಗಿಲ್ಲ, ಡಬ್ಬದಲ್ಲಿ ಕಟ್ಟು ಕಟ್ಟಿ ಇಟ್ಟಿದ್ದೆ. ಎರಡೋ ಮೂರೋ ಕಡ್ಡಿಯನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ, ಒಣಗಿದ ಮೇಲೆ ಮಟ್ಟಸ ಕತ್ತರಿಸಿದರೆ ಸ್ಕ್ರೂ ಹೊಸ ಮರ ಕಚ್ಚಿದ ಹಾಗೆ ಕಚ್ಚುತ್ತೆ. ಯಜಮಾನರು ಕಡ್ಡಿ ಮೂಸಿ ನೋಡಿ, ಇದ್ಯಾವ ಮರ, ಇಷ್ಟು ಒಳ್ಳೆಯ ವಾಸನೆ ಅಂತ ಕೇಳಿದರು. ಮೈಸೂರಿನದು ಅಂದೆ. ಅಷ್ಟಕ್ಕೇ ನಿಲ್ಲಿಸಿದೆ, ಜಾಸ್ತಿ ಹೇಳಿದರೆ ವಿಶೇಷ ಪರಿಕರ ಅಂತ ಅವರೂ ತರಿಸಿಕೊಳ್ಳಬೇಕು ಅಂದುಬಿಟ್ಟಾರು.

ಇನ್ನು ವೆಂಟ್ ಮತ್ತೆ ಕೂರಿಸುವ ವಿಧಾನ. ವೆಂಟಿನ ಅಂಚಿನ ಕೆಳಗೆ ಬ್ಯುಟೈಲ್ ಟೇಪು, ಸ್ಕ್ರೂ ಬಿಗಿದಾಗ ಅದು ಅಂಚಿನಿಂದ ಒಂದಿಷ್ಟು ಹೊರಗೆ ಉಕ್ಕಬೇಕು. ಉಕ್ಕದಿದ್ದರೆ ಬಿಗಿ ಸಾಲದು. ಮರುದಿನ ಇನ್ನೊಂದು ಸುತ್ತು ಬಿಗಿಸಿ, ಟೇಪು ರಾತ್ರಿಯಿಡೀ ಮೆಲ್ಲಗೆ ಕೂತಿರುತ್ತೆ. ಮೇಲೆ ಡೈಕೋರ್‌ನವರ ತಾನೇ ಮಟ್ಟವಾಗುವ ಅಂಟು. ಅದನ್ನು ಬೆರಳಿಂದ ತೀಡಬಾರದು, ಸವರಬಾರದು. ಸ್ಕ್ರೂ ತಲೆಯ ಮೇಲೊಂದು ಬೊಟ್ಟು, ಅಂಚಿನುದ್ದಕ್ಕೂ ಒಂದು ಸಾಲು ಬಿಟ್ಟು ಸುಮ್ಮನಿದ್ದರೆ, ಕಾವಲಿಗೆ ಹೊಯ್ದ ನೀರುದೋಸೆ ಹಿಟ್ಟಿನ ಹಾಗೆ ತಾನೇ ಹರಡಿಕೊಂಡು ಮಟ್ಟವಾಗುತ್ತೆ. ಸುಮ್ಮನಿರುವುದೇ ಕಷ್ಟ. ನಮ್ಮನೆಯವರು ಏಣಿಯ ಎರಡನೇ ಮೆಟ್ಟಿಲಲ್ಲಿ ನಿಂತು "ಅಲ್ಲೊಂಚೂರು ಸವರು, ಇಲ್ಲೊಂಚೂರು ಸವರು" ಅಂತ ಹೇಳುತ್ತಲೇ ಇದ್ದರು. ಇಳಿಜಾರಿನ ಅಂಚಿಗೆ ಈ ಅಂಟು ಹಾಕಿದರೆ ಕಿಟಕಿವರೆಗೂ ಹರಿದು ಹೋಗುತ್ತೆ. ಅಲ್ಲಿಗೆ ಹರಿಯದ ಜಾತಿಯದು ಬೇರೆ ಸಿಗುತ್ತೆ, ಡಬ್ಬ ಮಾತ್ರ ನೋಡಲು ಒಂದೇ ಥರ.

ಇನ್ನು ಎಟರ್ನಾಬಾಂಡ್ ಟೇಪಿನ ಭಕ್ತರ ಪಂಗಡವೇ ಬೇರೆ. ಯಜಮಾನರು ಆ ಪಂಥದವರು. ಒಮ್ಮೆ ಅಂಟಿಸಿ ರೋಲರಿನಿಂದ ಅದುಮಿದರೆ ಜನ್ಮಕ್ಕೂ ಬಿಡುವುದಿಲ್ಲ ಅಂತ ಅವರ ವಾದ. ಅದು ನಿಜವೇ. ಆದರೆ ಜನ್ಮಕ್ಕೂ ಬಿಡದಿರುವುದೇ ನನ್ನ ತಕರಾರು. ವೆಂಟಿನ ಮುಚ್ಚಳ ಬಿಸಿಲಿಗೆ ಬಿಸ್ಕತ್ತಾಗಿ ಆಲಿಕಲ್ಲಿಗೆ ಒಡೆಯುತ್ತೆ, ಫ್ಯಾನ್ ಕೆಡುತ್ತೆ, ನಾಳೆ ಇಡೀ ವೆಂಟನ್ನೇ ಬಿಚ್ಚಬೇಕಾದರೆ? ಉದ್ದನೆಯ ಕೂಡುಗೆರೆಗೆ, ರಬ್ಬರು ಹರಿದ ಜಾಗಕ್ಕೆ ಟೇಪು ಒಳ್ಳೆಯದು. ಬಿಚ್ಚುವ ಸಾಧ್ಯತೆ ಇರುವ ಕಡೆ ನನ್ನ ಮತ ಮೆತ್ತನೆಯ ಅಂಟಿಗೇ. ಈ ವಿಷಯದಲ್ಲಿ ಬೇಲಿಯ ಎರಡೂ ಕಡೆ ಇನ್ನೂ ರಾಜಿಯಾಗಿಲ್ಲ.

ದೊಡ್ಡ ತಲೆನೋವು ಹವೆಯದು. ಅಂಟು ಹಿಡಿಯಬೇಕಾದರೆ ಚಾವಣಿ ಒಣಗಿರಬೇಕು, 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಬೆಚ್ಚಗಿರಬೇಕು. ಮೇಲ್ಮೈ ಬೇಗ ಕೆನೆಗಟ್ಟಿದರೂ ಪೂರ್ತಿ ಪಕ್ವವಾಗಲು ತಿಂಗಳು ಹಿಡಿಯಬಹುದು. ಈ ಊರಲ್ಲಿ ಇದೆಲ್ಲ ಕೂಡಿಬರುವುದು ಜುಲೈಯಿಂದ ಸೆಪ್ಟೆಂಬರ್ ನಡುವೆ. ಆ ಕಾಲದಲ್ಲಿ ಯಾರಿಗೂ ಸೋರುವುದು ನೆನಪಿರುವುದಿಲ್ಲ. ನವೆಂಬರಿನಲ್ಲಿ ನೆನಪಾಗಿ ಏನು ಮಾಡುವುದು? ನೀಲಿ ಟಾರ್ಪಾಲು. ಗಾಳಿಗೆ ಅದು ಪಟಪಟ ಹೊಡೆದುಕೊಂಡು ಚಾವಣಿಯನ್ನೇ ಉಜ್ಜಿ ಸವೆಸುತ್ತೆ. ಸಾಲದ್ದಕ್ಕೆ ಬಡಾವಣೆಯ ಮನೆಮಾಲೀಕರ ಸಂಘದಿಂದ ಒಂದು ಕಾಗದ: ನಿಮ್ಮ ನೀಲಿ ಹೊದಿಕೆ ನೆರೆಹೊರೆಯ ಅಂದಕ್ಕೆ ಒಪ್ಪುವುದಿಲ್ಲ. ಹಾಗಾದರೆ ಯಾವ ಬಣ್ಣ ಒಪ್ಪುತ್ತೆ ಅಂತ ನಮ್ಮನೆಯವರು ಬಹಳ ವಿನಯದಿಂದ ಉತ್ತರ ಬರೆದಿದ್ದಾರೆ. ಅದಕ್ಕಿನ್ನೂ ಮರುಕಾಗದ ಬಂದಿಲ್ಲ.

ನೀವೂ ಒಂದು ಗಾಡಿ ತಗೊಳ್ಳುವ ಯೋಚನೆಯಲ್ಲಿದ್ದೀರಿ ಅಂತ ಕೇಳಿದೆ. ಹಳೆಯದಾದರೆ ದಯವಿಟ್ಟು ಆಗಸ್ಟಿನಲ್ಲಿ ನೋಡಲು ಹೋಗಬೇಡಿ. ನಾಲ್ಕು ದಿನ ಮಳೆ ಹಿಡಿದ ಮರುದಿನ ಬೆಳಿಗ್ಗೆ ಹೋಗಿ. ಬಾಗಿಲು ತೆಗೆದ ಕೂಡಲೇ ಮೂಗಿಗೆ ನಿಂಬೆಹಣ್ಣಿನ ಸೆಂಟು ಬಡಿದರೆ, ಅದರ ಹಿಂದೆ ಬೂಸಲು ವಾಸನೆ ಇದೆಯೇನೋ ಅಂತ ಅನುಮಾನಪಡಿ. ಪ್ರತಿ ವೆಂಟಿನ ನಾಲ್ಕೂ ಮೂಲೆಯ ಹತ್ತಿರ ಚಾವಣಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಗಟ್ಟಿಯಿರಬೇಕು, ಮೆತ್ತಗೆ ಒಳಗೆ ಹೋದರೆ ಬೆಲೆ ಕೇಳುವ ಮೊದಲೇ ನಮಸ್ಕಾರ ಹೇಳಿ ಬನ್ನಿ. ಆಮೇಲೆ ಮೇಲೆ ಹತ್ತಿ ಅಂಟಿನ ಬಣ್ಣ ನೋಡಿ. ಮಾರುವವರು ಮೇಲೆ ನೋಡುವಂಥದ್ದೇನೂ ಇಲ್ಲ ಬಿಡಿ ಅಂತ ತಡೆದರೆ, ನೋಡಲೇಬೇಕಾದದ್ದು ಅಲ್ಲೇ ಇದೆ ಅಂತ ಅರ್ಥ. ಏಣಿ ಇಲ್ಲ ಅಂತ ಯೋಚನೆ ಬೇಡ, ನಮ್ಮದು ಎಂಟಡಿಯದು ಗ್ಯಾರೇಜಿನಲ್ಲಿ ಸುಮ್ಮನೆ ಒರಗಿದೆ. ಹಿಂದಿನ ದಿನ ಒಂದು ಮಾತು ಹೇಳಿದರೆ ಬೇಲಿ ಮೇಲಿಂದಲೇ ದಾಟಿಸಿಬಿಡ್ತೀನಿ.